ನೋವಿಗೆ ಸಾಕ್ಷಿ ಎಲ್ಲಿಂದ ತರಲಿ?

ನಮಸ್ಕಾರ. ನಿಮ್ಮ ಪತ್ರ ಓದಿ ಸಂಕಟವಾಯಿತು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಗನನ್ನು ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದರೆ ‘ಬಿಪಿ ಸರಿಯಿದೆ, ಸುಮ್ನೆ ಅಳ್ತಾನೆ’ ಅಂದರಂತೆ. ಶಾಲೆಯಲ್ಲಿ ಪದೇಪದೇ ನೀರು ಕುಡಿಯಲು, ಮೂತ್ರಕ್ಕೆ ಎದ್ದರೆ ಬೈಗುಳ. ಮನೆಯಲ್ಲಿ ‘ನಿನ್ನ ಕಡೆಯಿಂದ ಬಂದ ಕಾಯಿಲೆ’ ಎಂಬ ಚುಚ್ಚುಮಾತು. ‘ಒಬ್ಬಳೇ ಎಷ್ಟು ಜನರ ಹತ್ತಿರ ವಾದ ಮಾಡಲಿ?’ ಎಂದು ಕೇಳಿದ್ದೀರಿ.

ಮನೆಯ ಮಾತು ಮೊದಲು ಮುಗಿಸೋಣ. ದೋಷವಿರುವ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ. ಇದನ್ನು ನಿಮ್ಮ ಯಜಮಾನರೇ ಎಲ್ಲರ ಮುಂದೆ ಹೇಳಲಿ. ನೀವು ಹೇಳಿದರೆ ಸಮಜಾಯಿಷಿ ಅನ್ನಿಸುತ್ತದೆ.

ಇನ್ನು ಆಸ್ಪತ್ರೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತ ಮುಂದೆ ಹೋಗುವುದಿಲ್ಲ. ಆಗ ಮೂಳೆಯೊಳಗೇ ನೋವು. ಆ ನೋವು ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ. ಬಿಪಿ, ನಾಡಿ ಸರಿಯಿದ್ದರೂ ನೋವು ವಿಪರೀತ ಇರಬಹುದು. ಮಗು ‘ನೋಯ್ತಿದೆ’ ಅಂದರೆ ಅದೇ ಸಾಕ್ಷಿ. ಅಮೆರಿಕದ ರಕ್ತರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ, ಆಸ್ಪತ್ರೆಗೆ ಬಂದ 1 ಗಂಟೆಯೊಳಗೆ ನೋವಿನ ಔಷಧ ಕೊಡಬೇಕು ಎನ್ನುತ್ತದೆ. ಆದ್ದರಿಂದ ಕೌಂಟರಿನಲ್ಲಿ ವಾದ ಬೇಡ, ಕಾಗದ ತೋರಿಸಿ. ಮಗನನ್ನು ಯಾವಾಗಲೂ ನೋಡುವ ವೈದ್ಯರಿಂದ ಒಂದೇ ಹಾಳೆಯಲ್ಲಿ ಬರೆಸಿ: ಕಾಯಿಲೆ ಯಾವುದು, ಮಾಮೂಲಿ ಹಿಮೋಗ್ಲೋಬಿನ್ ಎಷ್ಟು, ಯಾವ ಔಷಧ ಎಷ್ಟು ಕೊಟ್ಟರೆ ನೋವು ಇಳಿಯುತ್ತದೆ. ಸಹಿ, ಸೀಲು ಇರಲಿ. ಅಪ್ಪನ ಹತ್ತಿರ ಒಂದು ಪ್ರತಿ, ಶಾಲೆಯಲ್ಲಿ ಒಂದು.

ಜ್ವರದ ವಿಷಯದಲ್ಲಿ ಮಾತ್ರ ಕಾಯಲೇಬೇಡಿ. ಸೋಂಕಿನ ವಿರುದ್ಧ ಹೋರಾಡುವ ಅಂಗವಾದ ಗುಲ್ಮ (ಸ್ಪ್ಲೀನ್) ಈ ಮಕ್ಕಳಲ್ಲಿ ಬೇಗ ಹಾಳಾಗುವುದರಿಂದ ಸೋಂಕು ಗಂಟೆಗಳಲ್ಲಿ ಏರುತ್ತದೆ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿಯಾದರೂ ಹೊರಡಿ.

ಶಾಲೆಯವರಿಗೆ ಗೊತ್ತಿಲ್ಲದ್ದು ಇಷ್ಟೇ: ಈ ಕಾಯಿಲೆಯಲ್ಲಿ ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಮೂತ್ರ ಜಾಸ್ತಿ. ನೀರು ಕಡಿಮೆಯಾದರೆ ಮತ್ತೆ ನೋವು. ಆ ಹುಡುಗನದು ಸೋಮಾರಿತನ ಅಲ್ಲವೇ ಅಲ್ಲ. ಬಾಟಲಿ ಡೆಸ್ಕಿನ ಮೇಲಿರಲಿ, ಕೇಳದೆ ಹೊರಗೆ ಹೋಗಲು ಬಿಡಲಿ. ಇದನ್ನೂ ವೈದ್ಯರ ಪತ್ರದಲ್ಲೇ ಬರೆಸಿ.

ಒಬ್ಬಳೇ ಅಂದಿರಲ್ಲ, ತಪಾಸಣೆಯ ದಿನ ಪಕ್ಕದ ಬೆಂಚಿನಲ್ಲಿ ಕೂತವರನ್ನು ಮಾತನಾಡಿಸಿ. ನಾಲ್ಕು ಮನೆಯವರು ಸೇರಿದರೂ ಸಾಕು. ಒಬ್ಬರ ಮಗು ದಾಖಲಾದಾಗ ಇನ್ನೊಬ್ಬರು ಜೊತೆಗೆ ನಿಲ್ಲಬಹುದು, ಮನೆಯಲ್ಲಿರುವ ಮಕ್ಕಳನ್ನು ನೋಡಿಕೊಳ್ಳಬಹುದು. ಎಲ್ಲರೂ ಸಹಿ ಹಾಕಿ ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆಯಿರಿ: ನೋವಿಗೆ ತಕ್ಷಣ ಔಷಧ, ನೋವು ಪದೇಪದೇ ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಔಷಧ ತಪ್ಪದೆ ಸಿಗುವುದು, ಹುಟ್ಟಿದ ಕೂಸುಗಳಿಗೆಲ್ಲ ಸಿಕಲ್ ಸೆಲ್ ಪರೀಕ್ಷೆ. ಆ ಪತ್ರದ ಒಂದು ಪ್ರತಿ ನಮಗೂ ಕಳಿಸಿ. ಹೆಸರು ಬಿಟ್ಟು, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ