ಜೈಲು ಯಾರಿಗೆ, ಸೈಕಲ್ ತುಳಿದವನಿಗಾ ಸಿರಿಂಜ್ ಕೊಟ್ಟವನಿಗಾ?

ಪತ್ರ: ಕಳೆದ ಸಂಚಿಕೆಯಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಬಗ್ಗೆ ಬಂದ ಲೇಖನ ಓದಿದೆ. ನಮ್ಮಲ್ಲಿ ಸರ ಎಳೆದು ಓಡಿದವನನ್ನು ಪೊಲೀಸರು ಒಳಗೆ ಹಾಕುತ್ತಾರೆ. ಮದ್ದು ಚುಚ್ಚಿಸಿಕೊಂಡು ಕೋಟಿಗಟ್ಟಲೆ ಹೊಡೆದ ಸೈಕಲ್ ಸವಾರನಿಗೆ ಮಾತ್ರ ಕೆಲವು ವರ್ಷ ರಜೆ! ಡೋಪಿಂಗ್ ಮಾಡಿದವನನ್ನು ಜೈಲಿಗೆ ಹಾಕಬೇಕು ಅಂತ ನೀವು ಯಾಕೆ ಬರೆಯಲಿಲ್ಲ? ನಿಮ್ಮ ಮಗನೇ ಅಂಥವನ ಹಿಂದೆ ಎರಡನೆಯವನಾಗಿ ಬಂದಿದ್ದರೆ ಸುಮ್ಮನೆ ಕೂರುತ್ತಿದ್ದಿರಾ? ಇನ್ನೊಂದು ವಿಷಯ. ನನ್ನ ತಂಗಿಯ ಮಗ ಜಿಲ್ಲಾ ಮಟ್ಟದ ಓಟಗಾರ. ಅವನಿಗೆ ಜಿಮ್ಮಿನವರು ಲೇಬಲ್ ಇಲ್ಲದ ಡಬ್ಬದಲ್ಲಿ ಏನೋ ಪೌಡರ್ ಕೊಟ್ಟಿದ್ದಾರೆ. ಏನು ಮಾಡುವುದು?
– ಮಣಿಪಾಲದ ಓದುಗರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಮಾರಾಯ್ರೇ. ಪೊಲೀಸರು ಬರಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಉಂಟು. ಅವರು ಸವಾರನ ಕೈಗೆ ಕೋಳ ಹಾಕಬೇಕು ಅನ್ನುವಲ್ಲಿಗೆ ಬಂದರೆ ನಾನು ನಿಮ್ಮ ಜೊತೆ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1998ರ ಜುಲೈ 8. ಆ ವರ್ಷದ ಟೂರ್ ಶುರುವಾಗುವುದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಫೆಸ್ಟಿನಾ ತಂಡದ ಮಸಾಜ್ ಮಾಡುವವ ವಿಲ್ಲಿ ವೋಟ್ ತಂಡದ ಹೆಸರು ಬರೆದ ಕಾರಿನಲ್ಲೇ ಬೆಲ್ಜಿಯಂನಿಂದ ಫ್ರಾನ್ಸಿಗೆ ಬರುತ್ತಿದ್ದ. ಹೆದ್ದಾರಿ ಬಿಟ್ಟು ಸಣ್ಣ ರಸ್ತೆ ಹಿಡಿದಿದ್ದ. ಅಲ್ಲೇ ಕಸ್ಟಮ್ಸ್‌ನವರು ಕೈ ಅಡ್ಡ ಹಿಡಿದರು. ಕಾರಿನಲ್ಲಿ ಸಿಕ್ಕಿದ್ದು 200ಕ್ಕೂ ಹೆಚ್ಚು ಡೋಸ್ ಇಪಿಒ (ರಕ್ತದ ಕೆಂಪುಕಣ ಹೆಚ್ಚಿಸುವ ಮದ್ದು), ಗ್ರೋತ್ ಹಾರ್ಮೋನ್, ಟೆಸ್ಟೋಸ್ಟೆರಾನ್. ಒಂದು ಮೆಡಿಕಲ್ ಶಾಪ್ ಇಡುವಷ್ಟು ಸಾಮಾನು! ಆಮೇಲೆ ಇಡೀ ಫೆಸ್ಟಿನಾ ತಂಡವನ್ನೇ ರೇಸಿನಿಂದ ಹೊರಗೆ ಹಾಕಿದರು. ಪೊಲೀಸರು ಬೇರೆ ತಂಡಗಳ ಹೋಟೆಲ್ ರೂಮುಗಳಿಗೂ ನುಗ್ಗಿದರು. ಸವಾರರು ಪ್ರತಿಭಟನೆ ಅಂತ ರಸ್ತೆಯಲ್ಲೇ ಕೂತರು. ಹೊರಟ 189 ಜನರಲ್ಲಿ ಪ್ಯಾರಿಸ್ ಮುಟ್ಟಿದವರು 96. ಡೋಪಿಂಗ್ ತಡೆಯುವ ವಾಡಾ ಅನ್ನುವ ಜಾಗತಿಕ ಸಂಸ್ಥೆ ಮರುವರ್ಷ ಹುಟ್ಟಿದ್ದು ಈ ಗಲಾಟೆಯಿಂದಲೇ.

ಇಷ್ಟೆಲ್ಲ ಹೊರಗೆ ಬಂದದ್ದು ಯಾವ ಮೂತ್ರ ಪರೀಕ್ಷೆಯಿಂದಲೂ ಅಲ್ಲ, ಗಮನಿಸಿ. ಆಗ ಇಪಿಒಗೆ ಪರೀಕ್ಷೆಯೇ ಇರಲಿಲ್ಲ. ಸೈಕ್ಲಿಂಗಿನ ದೊಡ್ಡ ಹಗರಣಗಳೆಲ್ಲ ಹೆಚ್ಚುಕಡಿಮೆ ಹೀಗೇ. 2006ರಲ್ಲಿ ಸ್ಪೇನಿನ ಡಾಕ್ಟರ್ ಯೂಫೆಮಿಯಾನೋ ಫ್ಯುಯೆಂಟೆಸ್ ಫ್ರಿಜ್‌ನಲ್ಲಿ ಇಟ್ಟಿದ್ದ ರಕ್ತದ ಚೀಲಗಳನ್ನು (ಸವಾರನ ರಕ್ತವನ್ನೇ ತೆಗೆದಿಟ್ಟು ರೇಸಿನ ಹೊತ್ತಿಗೆ ಮತ್ತೆ ಏರಿಸುವ ಉಪಾಯ ಅದು) ಹಿಡಿದದ್ದು ಅಲ್ಲಿನ ಪೊಲೀಸರು. 2019ರಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ಒಬ್ಬ ಸ್ಕೀ ಆಟಗಾರ ತೋಳಿಗೆ ರಕ್ತ ಏರಿಸಿಕೊಳ್ಳುತ್ತಿದ್ದಾಗಲೇ ಸಿಕ್ಕಿಬಿದ್ದ. ಅದೂ ಪೊಲೀಸ್ ದಾಳಿ. ಆ ಜಾಲದಲ್ಲಿ ಸೈಕಲ್ ಸವಾರರೂ ಇದ್ದರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅಂತೂ ನೂರಾರು ಸಲ ಪರೀಕ್ಷೆಗೆ ಕೂತು ಏಳು ಟೂರ್ ಗೆದ್ದ. ಅವನ ಬಣ್ಣ ಬಯಲಾದದ್ದು ಜೊತೆಗೆ ಸೈಕಲ್ ತುಳಿದವರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟಾಗ.

ಹಾಗಾಗಿ ನನ್ನ ಲೆಕ್ಕದಲ್ಲಿ ಕ್ರಿಮಿನಲ್ ಕಾನೂನಿನಿಂದ ಸಿಗುವ ನಿಜವಾದ ಲಾಭ ಜೈಲು ಅಲ್ಲ, ತಪಾಸಣೆ. ಕಾರು ನಿಲ್ಲಿಸುವುದು, ಬಾಗಿಲು ತಟ್ಟುವುದು, ಫೋನ್ ದಾಖಲೆ ತರಿಸುವುದು, ಗಡಿಯಾಚೆಯ ಪೊಲೀಸರ ಜೊತೆ ಮಾತಾಡುವುದು. ಮೂತ್ರದ ಬಾಟಲಿ ಹಿಡಿದು ನಿಂತವನ ಕೈಯಲ್ಲಿ ಇದು ಯಾವುದೂ ಆಗುವುದಿಲ್ಲ.

ಹಾಗಾದರೆ ಸವಾರನಿಗೂ ಜೈಲು ಯಾಕೆ ಬೇಡ? ಅವನು ಬಾಯಿ ಬಿಡಬೇಕಲ್ಲ, ಅದಕ್ಕೆ. ಆರ್ಮ್‌ಸ್ಟ್ರಾಂಗ್ ವಿರುದ್ಧ ಹೇಳಿಕೆ ಕೊಟ್ಟ ಜೊತೆಗಾರರು 11 ಮಂದಿ. ಅವರೂ ಇಪಿಒ, ರಕ್ತ, ಎಲ್ಲ ಏರಿಸಿಕೊಂಡವರೇ. ಆಗಲೂ ಸೈಕಲ್ ತುಳಿಯುತ್ತಿದ್ದವರಿಗೆ ಆರು ತಿಂಗಳ ನಿಷೇಧ ಸಿಕ್ಕಿತು, ನಿಜ ಹೇಳಿದ್ದಕ್ಕೆ ರಿಯಾಯಿತಿ. ನಿಮಗೆ ಇದು ಕೇಳಿ ಮೈ ಉರಿಯಬಹುದು, ಆದರೆ ಅವರ ತಲೆ ಮೇಲೆ ಮೂರು ವರ್ಷದ ಜೈಲು ತೂಗುತ್ತಿದ್ದರೆ ಯಾವ ವಕೀಲ ತನ್ನ ಕಕ್ಷಿದಾರನಿಗೆ ‘ಹೋಗಿ ಎಲ್ಲ ಹೇಳಿ ಬಾ’ ಅನ್ನುತ್ತಾನೆ ಹೇಳಿ? ಫೆಸ್ಟಿನಾದ ರಿಚರ್ಡ್ ವಿರೆಂಕ್ ಎರಡು ವರ್ಷ ಕಣ್ಣೀರು ಹಾಕಿಕೊಂಡು ‘ನಾನಲ್ಲ, ನಾನಲ್ಲ’ ಅಂದ. ಕೊನೆಗೆ ಒಪ್ಪಿಕೊಂಡದ್ದು 2000ದಲ್ಲಿ, ಲೀಲ್ ನಗರದ ಕೋರ್ಟಿನಲ್ಲಿ. ಆ ಕೋರ್ಟು ತಂಡದ ಮ್ಯಾನೇಜರ್ ಮತ್ತು ವೋಟ್‌ಗೆ ಅಮಾನತಿನ ಶಿಕ್ಷೆ (ಸದ್ಯಕ್ಕೆ ಜೈಲಿಗೆ ಹೋಗಬೇಕಿಲ್ಲದ ಶಿಕ್ಷೆ) ಕೊಟ್ಟಿತು, ವಿರೆಂಕ್‌ನನ್ನು ಬಿಟ್ಟಿತು. ಅವನಿಗೆ ನಿಷೇಧ ಹಾಕಿದ್ದು ಸೈಕ್ಲಿಂಗ್ ಸಂಸ್ಥೆ. ನನಗೆ ಈ ಹಂಚಿಕೆ ಸರಿ ಅನ್ನಿಸುತ್ತದೆ.

ನೀವು ಹೇಳುವ ದಾರಿಯನ್ನು ಫ್ರಾನ್ಸ್ ಎಂದೋ ನೋಡಿ ಆಗಿದೆ. 1965ರಲ್ಲೇ ಡೋಪಿಂಗ್ ಅಪರಾಧ ಅಂತ ಕಾನೂನು ತಂದರು. ಮರುವರ್ಷದ ಟೂರ್‌ನಲ್ಲಿ ಬೋರ್ಡೋ ನಗರದ ಹೋಟೆಲಿಗೆ ಅಧಿಕಾರಿಗಳು ಬಂದು ರೇಮಂಡ್ ಪುಲಿಡೋರ್ ಮೊದಲಾದವರ ಮೂತ್ರ ತೆಗೆದುಕೊಂಡರು. ಮರುದಿನ ಸವಾರರು ಸೈಕಲ್ ಇಳಿದು ನಡೆಯತೊಡಗಿದರು! ಮುಂದಿನ ವರ್ಷ, 1967ರ ಜುಲೈ 13ರಂದು, ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ಮೋಂ ವೆಂಟು ಬೆಟ್ಟದ ಏರಿನಲ್ಲಿ ಬಿದ್ದು ಸತ್ತ. ಮೈಯಲ್ಲಿ ಆಂಫೆಟಮಿನ್ ಅನ್ನುವ ಉತ್ತೇಜಕ ಮದ್ದು ಇತ್ತು. ಕಾನೂನು ಇತ್ತು, ಹೆದರಿಕೆ ಹುಟ್ಟಿರಲಿಲ್ಲ. 1989ರಲ್ಲಿ ಆಟಗಾರನ ಮೇಲಿನ ಕ್ರಿಮಿನಲ್ ಶಿಕ್ಷೆಯನ್ನು ತೆಗೆದರು. 2008ರಲ್ಲಿ ನಿಷಿದ್ಧ ಮದ್ದು ಹತ್ತಿರ ಇಟ್ಟುಕೊಳ್ಳುವುದನ್ನು ಮತ್ತೆ ಅಪರಾಧ ಮಾಡಿದರು. ಅವರಿಗೇ ಇನ್ನೂ ಗಟ್ಟಿಯಾಗಿಲ್ಲ. ಇಟಲಿ 2000ದಿಂದ, ಜರ್ಮನಿ 2015ರಿಂದ ಆಟಗಾರನಿಗೂ ಜೈಲು ಇಟ್ಟಿವೆ. ನಿಮ್ಮ ವಾದಕ್ಕೆ ಬಲ ಬೇಕಿದ್ದರೆ ಈ ಎರಡು ದೇಶಗಳನ್ನು ಹಿಡಿಯಿರಿ.

ಇನ್ನೊಂದು ತೊಡಕು ಉಂಟು, ಇದು ನಮ್ಮ ಜಿಲ್ಲೆಗೇ ಬರುತ್ತದೆ. ಕ್ರೀಡೆಯ ನಿಯಮ ಬಹಳ ಬಿಗಿ. ನಿನ್ನ ಮೈಯಲ್ಲಿ ಸಿಕ್ಕಿದರೆ ನೀನೇ ಹೊಣೆ, ಹೇಗೆ ಬಂತು ಅಂತ ನೀನೇ ತೋರಿಸಬೇಕು. ಸ್ಪೇನಿನ ಸವಾರ ಆಲ್ಬರ್ಟೊ ಕೊಂಟಡೋರ್ ಗೆದ್ದಿದ್ದ 2010ರ ಟೂರ್ ಪಟ್ಟ ಕಳೆದುಕೊಂಡದ್ದು ಒಂದು ಮಿಲಿಲೀಟರಿಗೆ 50 ಪೈಕೋಗ್ರಾಂನಷ್ಟು ನಿಷಿದ್ಧ ಮದ್ದು ಕ್ಲೆನ್‌ಬ್ಯೂಟೆರಾಲ್‌ಗೆ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ 50 ಪಾಲು. ಮಾಂಸದಿಂದ ಬಂತು ಅಂದ, ಒಪ್ಪಲಿಲ್ಲ. ನಿಷೇಧಕ್ಕೆ ಈ ಬಿಗಿ ಬೇಕು. ಅದೇ ಬಿಗಿ ಇಟ್ಟುಕೊಂಡು ಜೈಲಿಗೆ ಕಳಿಸಲು ಆಗುತ್ತದಾ? ಅಲ್ಲಿ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಸರ್ಕಾರವೇ ಸಾಬೀತು ಮಾಡಬೇಕು.

ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ನಿಮಗೆ ನೆನಪಿರಬೇಕು. 2010ರ ಕಾಮನ್‌ವೆಲ್ತ್ ರಿಲೇಯಲ್ಲಿ ಚಿನ್ನ, ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. 2011ರಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂತು ಅಂತ ಅವರ ವಾದ. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ‘ನಾಡಾ’ದ ಸಮಿತಿ ಒಂದು ವರ್ಷ ನಿಷೇಧ ಹಾಕಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈ ತಪ್ಪಿತು. ಕೋಚ್‌ನನ್ನು ಕೆಲಸದಿಂದ ತೆಗೆದರು. ಈಗ ಹೇಳಿ, ನೀವು ಕೇಳುವ ಕಾನೂನು ಅಂದು ಇದ್ದಿದ್ದರೆ ಪೊಲೀಸ್ ಜೀಪು ಮೊದಲು ಯಾರ ಮನೆ ಮುಂದೆ ನಿಲ್ಲುತ್ತಿತ್ತು? ಸಿದ್ದಾಪುರದ ಮನೆಯ ಮುಂದೆ. ಮದ್ದು ಮೈಯಲ್ಲಿ ಸಿಕ್ಕಿದವರನ್ನು ಹಿಡಿಯುವುದು ಸುಲಭ ಅಲ್ವಾ? ಅದು ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟದ ಕೆಲಸ, ಹಾಗಾಗಿ ಅದನ್ನು ಯಾರೂ ಮಾಡುವುದಿಲ್ಲ.

ಆ ಕಷ್ಟದ ಕೆಲಸಕ್ಕೆ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫ್ಯುಯೆಂಟೆಸ್ ಕೇಸ್ ನೋಡಿ. 2006ರ ಮೇ ತಿಂಗಳಲ್ಲಿ ದಾಳಿಯಾದಾಗ ಸ್ಪೇನಿನಲ್ಲಿ ಡೋಪಿಂಗ್ ಅಪರಾಧವೇ ಆಗಿರಲಿಲ್ಲ. ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ಅಂತ ಕೇಸು ಹಾಕಿದರು. 2013ರಲ್ಲಿ ಒಂದು ವರ್ಷದ ಅಮಾನತು ಶಿಕ್ಷೆ. 2016ರಲ್ಲಿ ಮೇಲಿನ ಕೋರ್ಟು, ರಕ್ತ ಅನ್ನುವುದು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನನ್ನು ಬಿಟ್ಟೇಬಿಟ್ಟಿತು. ಹತ್ತು ವರ್ಷ ಎಳೆದದ್ದಕ್ಕೆ ಸಿಕ್ಕಿದ್ದು ಇಷ್ಟು! ಸೀಫೆಲ್ಡ್ ಜಾಲದ ಹಿಂದಿದ್ದ ಜರ್ಮನ್ ಡಾಕ್ಟರ್ ಮಾರ್ಕ್ ಶ್ಮಿಟ್‌ಗೆ 2021ರಲ್ಲಿ ಬಿದ್ದದ್ದು ನಾಲ್ಕು ವರ್ಷ ಹತ್ತು ತಿಂಗಳು. ಅಲ್ಲಿ ಕಾನೂನು ತಯಾರಿತ್ತು. ಅಮೆರಿಕ 2020ರಲ್ಲಿ ಮಾಡಿದ ಕಾನೂನು ಆಟಗಾರನನ್ನು ಬಿಟ್ಟು ಮದ್ದಿನ ಜಾಲ ನಡೆಸುವವರನ್ನು ಮಾತ್ರ ಹಿಡಿಯುತ್ತದೆ. ಆಟಗಾರ ಕ್ರಿಮಿನಲ್ ಆಗುವುದು ಬೇಡ ಅಂತ ವಾಡಾ ಕೂಡ ಹೇಳಿದೆ.

ನಮ್ಮಲ್ಲಿ 2022ರ ಡೋಪಿಂಗ್ ತಡೆ ಕಾಯ್ದೆ ಇದೆ. ಹುಡುಕುವ, ಜಪ್ತಿ ಮಾಡುವ ಅಧಿಕಾರವೂ ಅದರಲ್ಲಿ ಉಂಟು. ಆದರೆ ಅದರ ಕಡೆಯ ಅಸ್ತ್ರ ನಿಷೇಧ. ಯಾವ ಕ್ರೀಡಾ ಸಂಸ್ಥೆಗೂ ಸೇರದೆ ಜಿಮ್ಮಿನ ಹಿಂದಿನ ರೂಮಿನಲ್ಲಿ ಇಂಜೆಕ್ಷನ್ ಮಾರುವವನಿಗೆ ಕ್ರೀಡೆಯಿಂದ ನಿಷೇಧ ಹಾಕಿದರೆ ಅವನಿಗೆ ಎಂತ ನಷ್ಟ? ಇಪಿಒ ಏನೂ ವಿದೇಶದ ಗುಟ್ಟಿನ ಮದ್ದಲ್ಲ. ಕಿಡ್ನಿ ಹೋದವರಿಗೆ ರಕ್ತ ಹೆಚ್ಚಲಿ ಅಂತ ಡಯಾಲಿಸಿಸ್ ಜೊತೆ ಕೊಡುವುದು ಅದನ್ನೇ. ಮಂಗಳೂರಿನಂತಹ ಆಸ್ಪತ್ರೆಗಳ ಊರಿನಲ್ಲಿ ಅದು ಮೆಡಿಕಲ್ ಶಾಪಿನ ಫ್ರಿಜ್‌ನಲ್ಲಿ ಇನ್ಸುಲಿನ್ ಪಕ್ಕದಲ್ಲೇ ಇರುತ್ತದೆ. ಮೆಡಲ್ ಬಂದರೆ ರೈಲ್ವೆಯಲ್ಲಿ ಕೆಲಸ, ಇಲ್ಲದಿದ್ದರೆ ಕ್ರೀಡಾ ಕೋಟಾದಲ್ಲಿ ಸೀಟು, ಹಾಗಾಗಿ ಕೊಳ್ಳುವವರಿಗೂ ಬರ ಇಲ್ಲ. 2023ರಲ್ಲಿ ನಾಡಾ 5,606 ಮಾದರಿ ಪರೀಕ್ಷೆ ಮಾಡಿದ್ದರಲ್ಲಿ 213 ಪಾಸಿಟಿವ್. ಅದೇ ವರ್ಷ ದೆಹಲಿಯ ರಾಜ್ಯ ಮಟ್ಟದ ಕೂಟಕ್ಕೆ ನಾಡಾದವರು ಬಂದ ಸುದ್ದಿ ಹರಡಿದ್ದೇ ತಡ, 100 ಮೀಟರ್ ಫೈನಲ್‌ಗೆ ಒಬ್ಬನೇ ಓಟಗಾರ ಬಂದ. ಓಡಿಹೋದ ಹುಡುಗರನ್ನು ನೋಡಿ ಇಡೀ ದೇಶ ನಕ್ಕಿತು. ಅವರಿಗೆ ಮಾರಿದವರು ಯಾರು ಅಂತ ಕೇಳಿದವರು ಕಡಿಮೆ.

ನನ್ನ ಮಗ ಎರಡನೆಯವನಾಗಿದ್ದರೆ? ಖಂಡಿತ ಸುಮ್ಮನೆ ಕೂರುತ್ತಿರಲಿಲ್ಲ. ಕೊಂಟಡೋರ್ ಹಿಂದೆ ಎರಡನೆಯವನಾದ ಆಂಡಿ ಶ್ಲೆಕ್‌ಗೆ ಗೆದ್ದವನ ಹಳದಿ ಜರ್ಸಿ ಕೊಟ್ಟದ್ದು 2012ರಲ್ಲಿ, ಲಕ್ಸಂಬರ್ಗ್‌ನ ಒಂದು ಸಣ್ಣ ಸಮಾರಂಭದಲ್ಲಿ. ಇನ್ನೊಬ್ಬನನ್ನು ಜೈಲಿಗೆ ಹಾಕಿದ್ದರೂ ಅವನಿಗೆ ಪ್ಯಾರಿಸಿನ ಆ ದಿನ ಸಿಗುತ್ತಿರಲಿಲ್ಲ. ನಾನಾದರೆ ದುಡ್ಡು ಕೇಳುತ್ತಿದ್ದೆ. ಬಹುಮಾನ, ಪ್ರಾಯೋಜಕರ ಹಣ, ಎಲ್ಲ ವಸೂಲಾಗಬೇಕು, ಹಿಂದೆ ಬಂದವನಿಗೆ ಅದರ ಪಾಲು ಸೇರಬೇಕು. ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ಅಮೆರಿಕದ ಫೆಡರಲ್ ಕ್ರಿಮಿನಲ್ ತನಿಖೆ 2012ರಲ್ಲಿ ಆರೋಪಪಟ್ಟಿ ಇಲ್ಲದೆ ಮುಗಿಯಿತು. ಹಣದ ದಾವೆಯಲ್ಲಿ 2018ರಲ್ಲಿ ಅವನು 50 ಲಕ್ಷ ಡಾಲರ್ ಕಕ್ಕಿದ. ಮತ್ತೆ, ನಮ್ಮ ಕೋರ್ಟುಗಳಲ್ಲಿ ಚೆಕ್ ಬೌನ್ಸ್ ಕೇಸು ಎಷ್ಟು ವರ್ಷ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಡೋಪಿಂಗ್ ಕೇಸು ಮುಗಿಯುವಾಗ ಓಡಿದವನಿಗೂ ಸೋತವನಿಗೂ ಮಂಡಿನೋವು ಶುರುವಾಗಿರುತ್ತದೆ.

ಇನ್ನು ತಂಗಿಯ ಮಗನ ಪೌಡರ್. ಇವತ್ತೇ ನಿಲ್ಲಿಸಲು ಹೇಳಿ. ಡಬ್ಬ ಬಿಸಾಡಬೇಡಿ, ಉಳಿದ ಪೌಡರ್ ಸಮೇತ ತೆಗೆದಿಡಿ. ಯಾರು ಕೊಟ್ಟರು, ಯಾವತ್ತು, ಎಷ್ಟು ದುಡ್ಡು ತೆಗೆದುಕೊಂಡರು ಅಂತ ಒಂದು ಚೀಟಿಯಲ್ಲಿ ಬರೆದಿಡಿ, ಜಿಪೇ ಮಾಡಿದ್ದರೆ ಇನ್ನೂ ಒಳ್ಳೆಯದು. ಹುಡುಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ಲಿವರ್ ನೋಡಲಿ. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಮದ್ದಿನ ಹೆಸರು ಹಾಕಿದರೆ ನಿಷಿದ್ಧವಾ ಅಂತ ಗೊತ್ತಾಗುತ್ತದೆ, ಆದರೆ ಹೆಸರೇ ಇಲ್ಲದ ಡಬ್ಬಕ್ಕೆ ಅದು ಉಪಯೋಗ ಇಲ್ಲ. ದೂರನ್ನು ನಾಡಾಕ್ಕೂ ಔಷಧ ನಿಯಂತ್ರಣ ಇಲಾಖೆಗೂ ಕೊಡಿ. ಜಿಮ್ಮಿನ ಹೆಸರನ್ನು ಮಾತ್ರ ನಮಗೆ ಬರೆದು ಕಳಿಸಬೇಡಿ ಮಾರಾಯ್ರೇ, ನಮ್ಮ ವಕೀಲರಿಗೆ ಈಗಲೇ ಕೆಲಸ ಜಾಸ್ತಿ.

– ಸಂಪಾದಕ