ಎರಡು ಕಂತು ಬಾಕಿಯಿದ್ದರೆ ಈಗಲೇ ಬ್ಯಾಂಕಿಗೆ ಹೋಗಿ

ಬೇಕರಿಗೆ ತೆಗೆದ 8 ಲಕ್ಷದ ಮುದ್ರಾ ಸಾಲದಲ್ಲಿ ಎರಡು ಕಂತು ಬಾಕಿ, ಕೊರೊನಾ ಕಾಲದ ಮೊರಟೋರಿಯಂ (ಕಂತು ಕಟ್ಟುವುದನ್ನು ಮುಂದೂಡುವ ಅವಕಾಶ) ಈಗಲೂ ಸಿಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಅದು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮಾತ್ರ. ಆಗಲೂ ಬಡ್ಡಿ ಓಡುತ್ತಲೇ ಇತ್ತು. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿ ಮೇಲಿನ ಬಡ್ಡಿಯನ್ನಷ್ಟೇ ಸರ್ಕಾರ ವಾಪಸ್ ಕೊಟ್ಟಿತು. ನನ್ನ ಹಿಟ್ಟಿನ ಗಿರಣಿ ಸಾಲದಲ್ಲಿ ಆರು ಕಂತು ಬಿಟ್ಟೆ, ಕೊನೆಗೆ ಏಳು ಕಟ್ಟಿದೆ. ಸುಮ್ನೆ ಸಿಕ್ಕಿದ್ದೇನಲ್ಲ!

ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅದಕ್ಕೆ ಮೊದಲೇ ಕಂತು ಮರುಹೊಂದಿಸಲು ಅರ್ಜಿ ಕೊಡಿ. ರಿಸರ್ವ್ ಬ್ಯಾಂಕ್ 2016ರಲ್ಲಿ ತಂದ ವ್ಯವಸ್ಥೆಯಲ್ಲಿ ಸಾಲ ತೆಗೆದವರೇ ಇದನ್ನು ಕೇಳಬಹುದು. 10 ಲಕ್ಷದವರೆಗಿನದನ್ನು ಶಾಖೆಯ ಮ್ಯಾನೇಜರೇ ನೋಡುತ್ತಾರೆ. ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಪತ್ರ), ವ್ಯಾಪಾರದ ಲೆಕ್ಕ ಜೊತೆಗಿರಲಿ. ಬರೀ ಬಾಯಿಮಾತು ಬೇಡ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.