ಹದಿನೈದು ವರ್ಷದಿಂದ ಕುಡಿಯುವ ಅಪ್ಪನನ್ನು ರೂಮಿನಲ್ಲಿ ಕೂಡಿಹಾಕಿ ಕುಡಿತ ಬಿಡಿಸಬಹುದಾ? ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಅನಿಸುತ್ತೆ.

ಕೂಡಿಹಾಕಬೇಡಿ. ಅದನ್ನೇ ಮಾಡಿ ನಾವು ನಮ್ಮಣ್ಣನನ್ನು ಕಳೆದುಕೊಂಡೆವು.

ಹಾಸನದ ಹತ್ತಿರ ನಮ್ಮೂರು. ಅಣ್ಣನದು ಮೊದಲು ಪ್ಯಾಕೆಟ್ ಸಾರಾಯಿ, 2007ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ ಮೇಲೆ ವಿಸ್ಕಿ. ಬೆಳಗ್ಗೆ ಒಂದು ನೈಂಟಿ ಬೀಳದಿದ್ದರೆ ಬ್ರಷ್ ಹಿಡಿಯಲೂ ಆಗದಷ್ಟು ಕೈ ನಡುಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬಾರ್ ಮುಚ್ಚಿದಾಗ ಅಮ್ಮ ತುಪ್ಪದ ದೀಪ ಹಚ್ಚಿದಳು. ಮನೆಯಲ್ಲಿ ಉಳಿದಿದ್ದ ಬಾಟಲಿಯನ್ನು ಬಚ್ಚಲಿಗೆ ಸುರಿದವನು ನಾನು.

ಮೊದಲ ದಿನ ಬೆವರು, ವಾಂತಿ. ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ದಿನ, ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಟವೆಲ್ಲಿನಿಂದ ಒರೆಸುತ್ತಾ ಕೂತ. ಗೋಡೆ ಮೇಲೆ ಏನೂ ಇರಲಿಲ್ಲ. ನನ್ನನ್ನು ನೋಡಿ "ಅಪ್ಪಾ, ಯಾವಾಗ ಬಂದೆ?" ಅಂದ. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು.

"ಎಣ್ಣೆಗೋಸ್ಕರ ನಾಟಕ ಕಣಮ್ಮ, ಕರಗಬೇಡ" ಅಂತ ಹೇಳಿ ಚಿಲಕ ಹಾಕಿದೆ. ನನ್ನ ತಪ್ಪು ಇದೇ. ಅಷ್ಟೆಲ್ಲ ಕಣ್ಣೆದುರಿಗಿದ್ದರೂ ಕಾಯಿಲೆ ಅನಿಸಲಿಲ್ಲ, ಹಟ ಅನಿಸಿತು. ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಆ ಮಂಪರಿಗೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಲಗಾಮು ಕಿತ್ತ ಕುದುರೆಯ ಹಾಗೆ ಕೆರಳುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಜ್ವರ, ಎದೆಬಡಿತ ಏರಿ ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಆಸ್ಪತ್ರೆಯಲ್ಲಾದರೆ ಔಷಧಿ, ಥಯಾಮಿನ್ ಅನ್ನುವ ವಿಟಮಿನ್ ಇಂಜೆಕ್ಷನ್ ಕೊಟ್ಟು ಸಂಭಾಳಿಸುತ್ತಾರೆ. ಲಾಕ್‌ಡೌನ್‌ನಲ್ಲೂ 108 ಓಡಾಡುತ್ತಿತ್ತು. ಆ ಸಂಜೆಯೇ ಒಂದು ಫೋನ್ ಮಾಡಬಹುದಿತ್ತು, ನಾನು ಬೆಳಗಾಗಲಿ ಅಂತ ಕಾದೆ. ಬಾಗಿಲು ತೆಗೆದಾಗ ನಾಲಿಗೆ ಕಚ್ಚಿಕೊಂಡು ನೆಲದ ಮೇಲೆ ಬಿದ್ದಿದ್ದ.

ಡಾಕ್ಟರ ಚೀಟಿಯಲ್ಲಿ ಹೃದಯಸ್ತಂಭನ ಅಂತಿದೆ, ಕುಡಿತದ ಮಾತೇ ಇಲ್ಲ. 2019ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಮದ್ಯದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ಬೀದಿಯಲ್ಲೇ ಲಿವರ್, ಹಾರ್ಟು, ಆಕ್ಸಿಡೆಂಟ್ ಅಂತ ಬರೆಸಿಕೊಂಡು ಹೋದ ಕುಡುಕರು ನಾಲ್ಕು ಜನ.

ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆಣೆ, ಪ್ರಮಾಣ ಎಲ್ಲ ಆಮೇಲೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ದಿನಕ್ಕೆ ಎಷ್ಟು ಕುಡಿಯುತ್ತಾರೆ ಅಂತ ಮುಚ್ಚಿಡದೆ ಹೇಳಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರನ್ನು ಕಾಣುವ ತನಕ ಅಪ್ಪನ ಕೈಯಿಂದ ಬಾಟಲಿ ಕಿತ್ತುಕೊಳ್ಳಬೇಡಿ.